ವಿಂಡೋಸ್ ಬದಲಾದಾಗ ಹಳೆಯ ವರ್ಡ್, ಹಳೆಯ ನುಡಿ ಫೈಲ್ ಏನಾಗುತ್ತವೆ?

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಸಪೋರ್ಟ್ ಮುಗಿಯುವುದು ಬೇರೆ, ಪ್ರೋಗ್ರಾಂ ಓಡದೇ ಇರುವುದು ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10, ಆಫೀಸ್ 2016, ಆಫೀಸ್ 2019 ಮೂರರ ಸಪೋರ್ಟೂ ಮುಗಿಯಿತು. ಆದರೂ ಆ ಆಫೀಸ್ ಮರುದಿನವೂ ತೆರೆಯುತ್ತದೆ, ಭದ್ರತೆಯ ಅಪ್‌ಡೇಟ್ ಮಾತ್ರ ಬರುವುದಿಲ್ಲ.

1993ರ ವರ್ಡ್ 6ರ ಕಥೆ ಹಾಗಲ್ಲ. ಅದು 16 ಬಿಟ್ ಪ್ರೋಗ್ರಾಂ (ಬಿಟ್ ಸಂಖ್ಯೆ ಎಂದರೆ ಕಂಪ್ಯೂಟರ್ ಒಂದೇ ಸಲಕ್ಕೆ ಎಷ್ಟು ಮಾಹಿತಿ ಹಿಡಿಯುತ್ತದೆ ಎಂಬ ಅಳತೆ). 32 ಬಿಟ್ ವಿಂಡೋಸ್‌ನಲ್ಲಿ ಅಂಥವನ್ನು ಓಡಿಸುವ ಭಾಗ ಉಳಿದಿತ್ತು, 64 ಬಿಟ್‌ನಲ್ಲಿ ತೆಗೆದರು, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಹಾಗಾಗಿ ಯಾವ ಸೆಟ್ಟಿಂಗ್ ಬದಲಿಸಿದರೂ ಅದು ನೇರವಾಗಿ ಓಡುವುದಿಲ್ಲ. ಮ್ಯಾಕ್‌ನಲ್ಲೂ ಇಂಥದ್ದೇ ಆಯಿತು: 2019ರ ಕ್ಯಾಟಲಿನಾ ಆವೃತ್ತಿ 32 ಬಿಟ್ ಪ್ರೋಗ್ರಾಂಗಳನ್ನು ಕೈಬಿಟ್ಟಾಗ ಆಫೀಸ್ 2011 ನಿಂತುಹೋಯಿತು.

ಅಪ್‌ಗ್ರೇಡ್ ತಗೊಂಡರೆ ಆಯ್ತಲ್ವಾ? ಹಳೆಯ ಆಫೀಸ್ ಇದ್ದವರಿಗೆ ಮುಂಚೆ ಕಡಿಮೆ ಬೆಲೆಗೆ ಸಿಗುತ್ತಿತ್ತು, ಆಫೀಸ್ 2010ರಿಂದ ಅದನ್ನು ನಿಲ್ಲಿಸಿದರು. ಈಗ ಪೂರ್ತಿ ಬೆಲೆ ಕೊಡಬೇಕು, ಇಲ್ಲವೇ ಚಂದಾ ಕಟ್ಟುತ್ತಿರಬೇಕು. ಬರೀ ಹಳೆಯ ಫೈಲ್ ತೆರೆಯಲು ಸುಮ್ನೆ ಅಷ್ಟು ದುಡ್ಡು ಹಾಕಬೇಡಿ. ಲಿಬ್ರೆಆಫೀಸ್ ಎಂಬ ಇಂಥದ್ದೇ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಹಳೆಯ ವರ್ಡ್, ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್ ಫೈಲ್‌ಗಳನ್ನೂ ತೆರೆಯುತ್ತದೆ. ಪುಟದ ಜೋಡಣೆ ಅಲ್ಲಲ್ಲಿ ಆಚೀಚೆ ಆಗಬಹುದು, ಬರಹ ಸಿಗುತ್ತದೆ.

ಕನ್ನಡದವರ ನಿಜವಾದ ಕಷ್ಟ ಇಲ್ಲಿಂದ ಶುರು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ಇರುವುದು ಕನ್ನಡದ ಸಂಕೇತಗಳಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳದ್ದು. ಅವನ್ನು ಕನ್ನಡದ ಆಕಾರದಲ್ಲಿ ತೋರಿಸುವುದು ಆ ಫಾಂಟ್. ಹೊಸ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಫಾಂಟ್ ಹಾಕಿದರೆ ಕನ್ನಡ ಮತ್ತೆ ಕಾಣುತ್ತದೆ, ಆದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಈಗಿನ ಪದ್ಧತಿಯಾದ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ, ಫೋನಿಗೆ ಕಳಿಸಿದರೆ ಓದಲು ಬರುವುದಿಲ್ಲ. ಆಫೀಸ್ 2024 ತಂದರೂ ಇದು ಸರಿಹೋಗದು, ಬದಲಾಗಬೇಕಾದದ್ದು ಫೈಲ್. ವಿಂಡೋಸ್‌ನಲ್ಲಿ ಯುನಿಕೋಡ್ ಕನ್ನಡ 2001ರ ಎಕ್ಸ್‌ಪಿಯಿಂದಲೇ ಇದೆ, ತುಂಗಾ ಫಾಂಟ್ ಅದರ ಜೊತೆಗೇ ಬಂತು. ಇಷ್ಟು ವರ್ಷಗಳಾದರೂ ಎಷ್ಟೋ ಒಳ್ಳೆಯ ಬರಹ ಹಳೆಯ ಫಾಂಟ್‌ಗಳಲ್ಲೇ ಸಿಕ್ಕಿಕೊಂಡಿದೆ, ಅದು ನನಗೆ ನಿಜಕ್ಕೂ ಬೇಸರ.

ಯುನಿಕೋಡ್‌ಗೆ ಬದಲಿಸುವ ಸೌಲಭ್ಯ ನುಡಿ, ಬರಹ ಎರಡರಲ್ಲೂ ಇದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮೊದಲು ನೋಡಿ. ಹಳೆಯ ಫಾಂಟ್‌ನಲ್ಲಿ ‘ಸೂರ್ಯ’ ಬರೆದರೆ ಅರ್ಕಾವತ್ತು ‘ಯ’ ಆದಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಕ್ರಮವೇ ತಿರುಗುಮುರುಗು, ಅದಕ್ಕೇ ಅಲ್ಲಿ ತಪ್ಪು ಜಾಸ್ತಿ. ನಡುನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಗಮನಿಸಿ, ಅವೂ ಕನ್ನಡ ಅಕ್ಷರಗಳಾಗಿ ಕಲಸಿಹೋಗುವುದುಂಟು.

ಇದೆಲ್ಲಕ್ಕಿಂತ ಮುಂಚೆ, ಹಳೆಯ ಕಂಪ್ಯೂಟರ್ ಇನ್ನೂ ಓಡುತ್ತಿರುವಾಗಲೇ, ಪ್ರತಿ ಫೈಲಿನ ಪಿಡಿಎಫ್ ಮಾಡಿಕೊಳ್ಳಿ. ಮೂಲ ಫೈಲ್ ಮತ್ತು ಫಾಂಟ್ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ. ಬದಲಿಸಿದ ಪಠ್ಯದಲ್ಲಿ ಎಲ್ಲಾದರೂ ಅನುಮಾನ ಬಂದರೆ ಆ ಪಿಡಿಎಫ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಬಹುದು.