ಎಸ್ಟಿಮೇಟಿನಲ್ಲಿ ಇಲ್ಲದ ಲೆಕ್ಕ

ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ನಮ್ಮ ಬೀದಿ ಅಗೆದಿದ್ದರು. ಮೋರಿ, ಕೇಬಲ್, ಫುಟ್‌ಪಾತ್ ಎಲ್ಲ ಒಟ್ಟಿಗೆ. ಮೂಲೆಯ ತಟ್ಟೆ ಇಡ್ಲಿ ಹೋಟೆಲಿಗೂ ರಸ್ತೆಗೂ ನಡುವೆ ಗುಂಡಿ, ಅದರ ಮೇಲೊಂದು ಹಲಗೆ. ವಯಸ್ಸಾದವರು ಹಲಗೆ ನೋಡಿಯೇ ವಾಪಸ್ ಹೋಗುತ್ತಿದ್ದರು. ಹೋಟೆಲಿನವರು ದಿನದ ವ್ಯಾಪಾರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. "ನೋಡಿ ಸಾರ್, ಗುಂಡಿ ತೆಗೆದ ದಿನದಿಂದ ಅರ್ಧಕ್ಕರ್ಧ" ಅಂತ ಪುಟ ತಿರುಗಿಸಿ ತೋರಿಸಿದ್ದರು. ಎಸ್ಟಿಮೇಟಿನಲ್ಲಿ ಜಲ್ಲಿಗೆ ರೇಟ್ ಇರುತ್ತದೆ, ಸಿಮೆಂಟಿಗೆ ಇರುತ್ತದೆ. ಈ ಅರ್ಧಕ್ಕೆ ಇರುವುದಿಲ್ಲ. ಸರ್ಕಾರಿ ಕೆಲಸ ಶುರು ಮಾಡುವ ಮೊದಲು ಜನರ ಸಂಪಾದನೆಗೆ ಏನಾಗುತ್ತದೆ ಅನ್ನುವ ಆರ್ಥಿಕ ಪರಿಣಾಮದ ಅಧ್ಯಯನ ಕಡ್ಡಾಯ ಆಗಬೇಕಾ ಅನ್ನುವುದೇ ಇಲ್ಲಿನ ಪ್ರಶ್ನೆ.

ಸರ್ಕಾರದ ದುಡ್ಡು ಹಾಕುವ ಮೊದಲು ಲಾಭ ನಷ್ಟ ತೂಗಬೇಕು ಅನ್ನುವ ಮಾತು ಹಳೆಯದು. ಅಮೆರಿಕದ 1936ರ ಪ್ರವಾಹ ನಿಯಂತ್ರಣ ಕಾಯ್ದೆಯಲ್ಲೇ ಅದು ಇದೆ: ಲಾಭ ಯಾರಿಗೇ ಸಿಗಲಿ, ಒಟ್ಟು ಖರ್ಚಿಗಿಂತ ಜಾಸ್ತಿ ಇರಬೇಕು. ನಮ್ಮಲ್ಲಿ ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡ್ಗೀಳ್ ಅವರು ಗೋದಾವರಿ, ಪ್ರವರಾ ನೀರಾವರಿ ಕಾಲುವೆಗಳ ನೇರ ಮತ್ತು ಪರೋಕ್ಷ ಲಾಭಗಳನ್ನು ಲೆಕ್ಕ ಹಾಕಿದ ವರದಿ ಬಂದದ್ದು 1948ರಲ್ಲಿ. 1972ರಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಗಾಗಿ ಅರ್ಥಶಾಸ್ತ್ರಜ್ಞರಾದ ಪಾರ್ಥ ದಾಸ್‌ಗುಪ್ತ, ಸ್ಟೀಫನ್ ಮಾರ್ಗ್ಲಿನ್, ಅಮರ್ತ್ಯ ಸೇನ್ ಸೇರಿ ಯೋಜನೆಗಳನ್ನು ಅಳೆಯುವ ಕೈಪಿಡಿ ಬರೆದರು. ಆದರೆ ಇದೆಲ್ಲ ಹೆಚ್ಚಾಗಿ ಅಣೆಕಟ್ಟು, ಕಾಲುವೆ, ಕಾರ್ಖಾನೆಗಳ ಮಾತು. ಊರೊಳಗಿನ ಬೀದಿಯನ್ನು ಹೀಗೆ ಯಾರು ಅಳೆಯುತ್ತಾರೆ?

ಆಮೇಲೆ ಬಂದ ಕಾನೂನುಗಳು ಒಂದೊಂದು ಪ್ರಶ್ನೆ ಹಿಡಿದುಕೊಂಡವು. ಪರಿಸರಕ್ಕೆ ಏನಾಗುತ್ತದೆ ಅಂತ 1994ರ, ಆಮೇಲೆ 2006ರ ಕೇಂದ್ರದ ಅಧಿಸೂಚನೆ ಕೇಳುತ್ತದೆ. ಕಟ್ಟಡವಾದರೆ ಈ ಪ್ರಶ್ನೆ ಬರಲು 20,000 ಚದರ ಮೀಟರ್ ದಾಟಿರಬೇಕು. ಟೆಂಡರ್ ಸರಿಯಾಗಿ ಕರೆದರಾ ಅಂತ 1999ರ ರಾಜ್ಯದ ಪಾರದರ್ಶಕತೆ ಕಾಯ್ದೆ ನೋಡುತ್ತದೆ. 2013ರ ಭೂಸ್ವಾಧೀನ ಕಾಯ್ದೆ ಜನರ ಬದುಕಿನ ಮೇಲಾಗುವ ಪರಿಣಾಮವನ್ನೂ ಅಧ್ಯಯನ ಮಾಡಿ ಅಂದಿತು. ಆದರೆ ಅದು ಜಮೀನು ಕಿತ್ತುಕೊಳ್ಳುವಾಗ ಮಾತ್ರ. 2019ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಹಲವು ಬಗೆಯ ಯೋಜನೆಗಳಿಗೆ ಅದರಿಂದಲೂ ವಿನಾಯಿತಿ ಕೊಟ್ಟಿತು. ಸರ್ಕಾರ ತನ್ನದೇ ರಸ್ತೆ ಅಗೆದರೆ? ಜಮೀನು ಹೋಗಿಲ್ಲ, ಹಾಗಾಗಿ ಪ್ರಶ್ನೆಯೂ ಇಲ್ಲ.

ಊರುಗಳನ್ನು ಸುಧಾರಿಸುವ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ ಬಂದಾಗ ನಮ್ಮೂರಿಗೆ ಈ ಕೊರತೆ ತಟ್ಟಿತು. ಯೋಜನೆ ಶುರುವಾದದ್ದು 2015ರ ಜೂನ್‌ನಲ್ಲಿ, ತುಮಕೂರು ಪಟ್ಟಿಗೆ ಸೇರಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಕೇಂದ್ರದಿಂದ ಊರಿಗೆ 500 ಕೋಟಿ ರೂಪಾಯಿವರೆಗೆ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ. ರಸ್ತೆ, ಬಸ್ ನಿಲ್ದಾಣ, ಕ್ರೀಡಾಂಗಣ, ಅಮಾನಿಕೆರೆ ಎಲ್ಲ ಇದರೊಳಗೆ ಬಂದವು. ಪ್ರಸ್ತಾವನೆ ಬರೆಯುವಾಗ ಜನರ ಅಭಿಪ್ರಾಯ ಕೇಳುವುದು ನಿಯಮವೇ ಆಗಿತ್ತು. ಆದರೆ ಅಭಿಪ್ರಾಯ ಬೇರೆ, ಲೆಕ್ಕ ಬೇರೆ ಅಲ್ವಾ? "ಒಳ್ಳೆ ರಸ್ತೆ ಬೇಕಾ?" ಅಂದರೆ ಬೇಡ ಅನ್ನುವವರು ಯಾರು! 2025ರ ಮಾರ್ಚ್ 31ಕ್ಕೆ ಆ ಯೋಜನೆಯ ಅವಧಿ ಮುಗಿಯಿತು.

ಆರ್ಥಿಕ ಪರಿಣಾಮದ ಲೆಕ್ಕವನ್ನು ಕಡ್ಡಾಯ ಮಾಡಿದ ಒಂದು ಉದಾಹರಣೆ ನಮ್ಮ ಹತ್ತಿರವೇ ಇದೆ, ಮೆಟ್ರೊ. 2017ರ ಮೆಟ್ರೊ ರೈಲು ನೀತಿಯ ಪ್ರಕಾರ ಯೋಜನೆಗೆ ಒಪ್ಪಿಗೆ ಬೇಕಾದರೆ ಸಮಾಜಕ್ಕೆ ಸಿಗುವ ಲಾಭ ಹಾಕಿದ ದುಡ್ಡಿನ ಮೇಲೆ ವರ್ಷಕ್ಕೆ ಕನಿಷ್ಠ ಶೇ 14ರ ದರದಲ್ಲಿ ಇರಬೇಕು. ಪ್ರಯಾಣದಲ್ಲಿ ಉಳಿತಾಯವಾದ ಸಮಯ, ಪೆಟ್ರೋಲು, ಕಡಿಮೆಯಾದ ಹೊಗೆ ಎಲ್ಲವನ್ನೂ ರೂಪಾಯಿಗೆ ಇಳಿಸಿ ಇದನ್ನು ಲೆಕ್ಕ ಹಾಕುತ್ತಾರೆ. ಬೆಂಗಳೂರಿನ ಮೆಟ್ರೊವನ್ನು ತುಮಕೂರಿಗೆ ಎಳೆಯಬಹುದಾ ಅಂತ ಅಧ್ಯಯನ ಮಾಡಿಸುವ ಮಾತು 2024ರ ಫೆಬ್ರವರಿಯ ರಾಜ್ಯ ಬಜೆಟ್‌ನಲ್ಲಿ ಬಂತು. ಅಂದರೆ ಆ ಶೇ 14ರ ಪರೀಕ್ಷೆ ನಮ್ಮ ಕಡೆಗೂ ಬರುತ್ತದೆ.

ಹಾಗಂತ ನಾನು ಇಂಥ ಲೆಕ್ಕವನ್ನು ಪೂರ್ತಿ ನಂಬುವುದಿಲ್ಲ. ಯೋಜನೆ ಬೇಕು ಅನ್ನುವವರೇ ದುಡ್ಡು ಕೊಟ್ಟು ವರದಿ ಬರೆಸಿದರೆ ಪ್ರಯಾಣಿಕರ ಸಂಖ್ಯೆ ಕಾಗದದ ಮೇಲೆ ಸುಮ್ನೆ ಉಬ್ಬುತ್ತದೆ. ಪ್ರತಿ ಮೋರಿಗೂ ಅಧ್ಯಯನ ಅಂದರೆ ಮೋರಿಯೇ ಆಗುವುದಿಲ್ಲ, ಇಷ್ಟು ಕೋಟಿಗಿಂತ ಮೇಲಿನ ಕೆಲಸಕ್ಕೆ ಅಂತ ಗೆರೆ ಹಾಕಬೇಕು. ಇನ್ನೊಂದು ತೊಡಕು ದೊಡ್ಡದು. ಒಟ್ಟು ಮೊತ್ತ ಕೂಡಿಸಿದಾಗ ಒಬ್ಬರ ಲಾಭದೊಳಗೆ ಇನ್ನೊಬ್ಬರ ನಷ್ಟ ಕರಗಿಹೋಗುತ್ತದೆ.

ಇಡ್ಲಿ ಹೋಟೆಲಿನ ಮುಂದೆ ಈಗ ಒಳ್ಳೆ ಫುಟ್‌ಪಾತ್ ಇದೆ. ಗಿರಾಕಿಗಳು ಮತ್ತೆ ಬಂದಿದ್ದಾರೆ. ಅವರ ಹಿಂದೆಯೇ ಕಟ್ಟಡದ ಮಾಲೀಕರೂ ಬಂದಿದ್ದರು, ಬಾಡಿಗೆ ಜಾಸ್ತಿ ಮಾಡಿ ಅಂತ ಹೇಳೋಕೆ.