ಅಲೆ ಇಲ್ಲ ಅಂತ ಕಡಲನ್ನು ನಂಬಬೇಡಿ

"ಸಾರ್, ಅಲ್ಲಿ ಅಲೆಯೇ ಇಲ್ವಂತೆ. ನಮ್ಮ ಪೂಲ್ ಥರಾನೇ ಅಂತೆ." ಸ್ಪೇನ್‌ಗೆ ಟಿಕೆಟ್ ಮಾಡಿಸಿಕೊಂಡು ನನ್ನ ಈಜು ಕ್ಲಾಸಿಗೆ ಬರುವವರ ಮೊದಲ ಮಾತೇ ಇದು.

ಅರ್ಧ ನಿಜ. ಬಾರ್ಸಿಲೋನಾದ ಉತ್ತರಕ್ಕಿರುವ ಕೋಸ್ಟಾ ಬ್ರಾವಾ ತೀರದಲ್ಲಿ ಕಲೆಯಾ ದೆ ಪಾಲಫ್ರುಜೆಲ್ ಅಂತ ಒಂದು ಹಳೆಯ ಮೀನುಗಾರರ ಹಳ್ಳಿ ಇದೆ. ಬಿಳಿ ಮನೆಗಳು, ಬಂಡೆಗಳ ನಡುವೆ ಪುಟ್ಟ ಪುಟ್ಟ ಮರಳಿನ ತುಂಡುಗಳು. ಉಬ್ಬರ ಇಳಿತ ಅಂದರೆ ಒಂದು ಗೇಣು, ಅಷ್ಟೆ. ಗೋಕರ್ಣದಲ್ಲಿ ಕಾಲೆಳೆಯುವ ಅಲೆ ಕಂಡವರಿಗೆ ಇದು ಕೆರೆ ಅನ್ನಿಸುತ್ತದೆ.

ನಾನೂ ಏಮಾರಿದ್ದು ಅಲ್ಲೇ. ಒಂದು ಬೆಳಿಗ್ಗೆ ಪ್ಯಾಡಲ್ ಬೋರ್ಡ್, ಅಂದರೆ ನಿಂತುಕೊಂಡು ಹುಟ್ಟು ಹಾಕುವ ತೇಲು ಹಲಗೆ, ಬಾಡಿಗೆಗೆ ತಗೊಂಡೆ. ಕಾಲಿಗೆ ಕಟ್ಟುವ ಹಗ್ಗವನ್ನು ಅಂಗಡಿಯವನು ಕೊಡಲಿಲ್ಲ, ನಾನೂ ಕೇಳಲಿಲ್ಲ. ಅವತ್ತು ತ್ರಮುಂತಾನಾ ಬೀಸುತ್ತಿತ್ತು. ಅದು ಉತ್ತರದ ಗಾಳಿ. ದಡದ ಮರೆಯಲ್ಲಿ ಮಾತ್ರ ನೀರು ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಬಂಡೆ ದಾಟಿದ್ದೇ ತಡ, ಗಾಳಿ ಬೆನ್ನಿಗೆ ಬಿತ್ತು. ಬೋರ್ಡ್ ಮೇಲೆ ನಿಂತರೆ ನಮ್ಮ ಮೈಯೇ ಹಾಯಿ, ಅಲ್ವಾ? ಹತ್ತು ನಿಮಿಷದಲ್ಲಿ ಹೋದ ದೂರಕ್ಕೆ ವಾಪಸ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅದೂ ಬೋರಲು ಮಲಗಿ, ಎರಡೂ ಕೈಯಿಂದ ನೀರು ತಳ್ಳಿಕೊಂಡು.

ಹಾಗಾಗಿ ಅಲೆ ನೋಡುವ ಮೊದಲು ದಡದ ಬಾವುಟ ನೋಡಿ. ಬಣ್ಣ ಹಸಿರೇ ಇರಬಹುದು, ಅಂದರೆ ಈಜಬಹುದು ಅಂತ. ಅದರ ತುದಿ ಕಡಲ ಕಡೆಗೆ ಪಟಪಟ ಅಂತಿದ್ದರೆ ಬೋರ್ಡ್ ಬೇಡ, ಗಾಳಿ ತುಂಬಿದ ಹಾಸಿಗೆಯಂತೂ ಬೇಡವೇ ಬೇಡ. ಹಗ್ಗ ಕೇಳಿ ಕಟ್ಟಿಸಿಕೊಳ್ಳಿ. ಸಿಕ್ಕಿಹಾಕಿಕೊಂಡರೆ ಬೋರ್ಡ್ ಬಿಟ್ಟು ಈಜಲು ಹೋಗಬೇಡಿ. ಅದು ತೇಲುತ್ತದೆ, ದೂರಕ್ಕೂ ಕಾಣುತ್ತದೆ. ಸಹಾಯಕ್ಕೆ 112.

ಈಜುವವರು ಹಳದಿ ಬೋಯಾ (ನೀರಲ್ಲಿ ತೇಲುವ ಗಡಿ ಗುರುತು) ಸಾಲಿನ ಒಳಗಿರಿ. ಬೋಯಾ ಇಲ್ಲದ ಕಡೆ ಮರಳಿನ ದಡದಿಂದ 200 ಮೀಟರ್, ಬಂಡೆಯ ತೀರದಿಂದ 50 ಮೀಟರ್ ಈಜುವವರ ಜಾಗ ಅಂತ ಅಲ್ಲಿನ ನಿಯಮ. ಆದರೂ ಬೋಟ್ ಓಡಿಸುವವನಿಗೆ ನಿಮ್ಮ ತಲೆ ತೇಲುವ ತೆಂಗಿನಕಾಯಿ. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಫ್ಲೋಟ್ ಇಲ್ಲಿಂದಲೇ ಒಯ್ಯಿರಿ, ಭಾರವೇನಿಲ್ಲ.

ಮೇ ತಿಂಗಳಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಆಗ ನೀರು 17 ಡಿಗ್ರಿ ಆಸುಪಾಸು. ನಮ್ಮ ಕಡಲು 28ರ ಮೇಲೆ. ಬಂಡೆಯಿಂದ ಧುಮುಕಿದರೆ ಉಸಿರು ಗಕ್ಕನೆ ಒಳಕ್ಕೆ ಎಳೆಯುತ್ತದೆ, ಜೊತೆಗೆ ನೀರೂ ಒಳಗೆ ಹೋಗುತ್ತದೆ. ನಡೆದೇ ಇಳಿಯಿರಿ, ಮುಖಕ್ಕೆ ನೀರು ಚಿಮುಕಿಸಿಕೊಳ್ಳಿ, ಉಸಿರು ಹದಕ್ಕೆ ಬರಲಿ.

ನೇರಳೆ ಬಣ್ಣದ ಪುಟ್ಟ ಜೆಲ್ಲಿ ಮೀನು ಚುಚ್ಚಿದರೆ ಉಜ್ಜಬೇಡಿ. ಬಾಟಲಿಯ ಸಿಹಿನೀರು ಹಾಕಿದರೆ ಉರಿ ಜಾಸ್ತಿ. ಕಡಲ ನೀರಲ್ಲೇ ತೊಳೆಯಿರಿ.

ಸ್ಕೂಬಾ ಮಾಡುವವರು ಹತ್ತಿರದ ಮೆದೆಸ್ ದ್ವೀಪಗಳನ್ನು ಬಿಡುವುದಿಲ್ಲ, ಬಿಡಲೂ ಬಾರದು. ಆದರೆ ಬೆಳಿಗ್ಗೆ ಎರಡು ಡೈವ್, ಸಂಜೆ ಫ್ಲೈಟ್ ಅನ್ನುವ ಪ್ಲ್ಯಾನ್ ಬೇಡ. ನಡುವೆ 18 ಗಂಟೆಯಾದರೂ ಬೇಕು. ಕೊನೆಯ ದಿನ ಕಡಲಂಚಿನ ಕಾಲುದಾರಿಯಲ್ಲಿ ಪಕ್ಕದ ಯಾಫ್ರಾಂಕ್ ಹಳ್ಳಿಗೆ ನಡೆದು ಹೋಗಿ. ಅರ್ಧ ಗಂಟೆ ಸಾಕು.