ಕುದುರೆ ಮೈಯಿಂದ ಹೊಟ್ಟು ಉದುರುತ್ತಿದೆ, ಬಡಕಲಾಗುತ್ತಿದೆ: ಇದು ಬೇರೆ ಕುದುರೆಗಳಿಗೂ ಅಂಟುತ್ತಾ?

ಪ್ರಶ್ನೆ: ನಮ್ಮೂರು ಧಾರವಾಡ. ಈಗ ಪುಣೆಯಲ್ಲಿ ಸವಾರಿ ಕಲಿಸುವ ಸಣ್ಣ ಲಾಯವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಒಂದು ಹೆಣ್ಣು ಕುದುರೆಗೆ ಮುಖ, ಕಾಲುಗಳ ಮೇಲೆ ಹೊಟ್ಟು, ಹಕ್ಕಳೆ ಎದ್ದಿದೆ. ಗಜಕರ್ಣ ಅಂತ ಮುಲಾಮು ಹಚ್ಚಿದರೂ ಕಡಿಮೆಯಾಗಲಿಲ್ಲ. ಈಗ ಮೇವೂ ಬಿಡುತ್ತಿದೆ. ಸಾರ್ಕಾಯ್ಡೋಸಿಸ್ ಇರಬಹುದು ಅಂದರು ಡಾಕ್ಟರು. ಬೇರೆ ಕುದುರೆಗಳಿಗೆ ಅಂಟುತ್ತಾ?

ಉತ್ತರ: ಸಾರ್ಕಾಯ್ಡೋಸಿಸ್ಸೇ ಆಗಿದ್ದರೆ ಅಂಟುವುದಿಲ್ಲ. ಬೇರೆ ಕುದುರೆಗೂ ಇಲ್ಲ, ನಿಮಗೂ ಇಲ್ಲ. ಆದರೆ ಅದು ಖಚಿತವಾಗುವ ತನಕ ದಯವಿಟ್ಟು ಆ ಕುದುರೆಯನ್ನು ಬೇರೆ ಕಟ್ಟಿ. ಬ್ರಷ್ಷು, ಬಕೆಟ್ಟು, ಜೀನಿನ ಬಟ್ಟೆ ಎಲ್ಲವೂ ಬೇರೆಯೇ ಇರಲಿ. ಗಜಕರ್ಣವಾದರೆ ಬ್ರಷ್ಷಿನಿಂದಲೇ ಹಬ್ಬುತ್ತದೆ. ಅದಕ್ಕಿಂತ ನನಗೆ ಹೆದರಿಕೆ ಗ್ಲಾಂಡರ್ಸ್ ರೋಗದ್ದು. ಅದರಲ್ಲೂ ಕುದುರೆ ಸೊರಗುತ್ತದೆ, ಚರ್ಮದಲ್ಲಿ ಗಂಟುಗಳೆದ್ದು ಒಡೆಯುತ್ತವೆ, ಮೂಗು ಸೋರುತ್ತದೆ. ಮನುಷ್ಯರಿಗೂ ಬರುತ್ತದೆ, ಜೀವಕ್ಕೇ ಅಪಾಯ. 2009ರ ಪ್ರಾಣಿರೋಗ ತಡೆ ಕಾಯ್ದೆಯ ಪ್ರಕಾರ ಅನುಮಾನ ಬಂದರೂ ಅಧಿಕಾರಿಗಳಿಗೆ ತಿಳಿಸಲೇಬೇಕು, ಸರ್ಕಾರಿ ಪಶುವೈದ್ಯರಿಗೂ ಹೇಳಿ. ರಕ್ತ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಮೊದಲು ಇದನ್ನು ಮುಗಿಸಿಕೊಳ್ಳಿ.

ಇನ್ನು ಸಾರ್ಕಾಯ್ಡೋಸಿಸ್. ಇದು ಅಪರೂಪದ ಕಾಯಿಲೆ, ಯಾಕೆ ಬರುತ್ತದೆ ಅನ್ನುವುದು ಇನ್ನೂ ಪತ್ತೆಯಾಗಿಲ್ಲ. ದೇಹದ ರಕ್ಷಣೆಯ ಕಣಗಳೇ ಅಲ್ಲಲ್ಲಿ ಗುಂಪುಗೂಡಿ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಚರ್ಮದಲ್ಲಾದರೆ ಹೊಟ್ಟು, ಹಕ್ಕಳೆ, ಕೂದಲು ಉದುರುವುದು. ಶ್ವಾಸಕೋಶ, ಲಿಂಫ್ ಗ್ರಂಥಿ, ಕರುಳು, ಲಿವರ್‌ನಲ್ಲೂ ಆಗಬಹುದು. ಆಗ ಜ್ವರ, ಏದುಸಿರು, ತೂಕ ಇಳಿಯುವುದು ಶುರುವಾಗುತ್ತದೆ. ಸಾಮಾನ್ಯವಾಗಿ ತುರಿಕೆ ಜಾಸ್ತಿ ಇರುವುದಿಲ್ಲ. ಪುಣೆಯ ಮಳೆಗಾಲದಲ್ಲಿ ಮೈಮೇಲೆ ಏನೇ ಎದ್ದರೂ ಒದ್ದೆಯಿಂದ ಬಂತು ಅಂದುಬಿಡುತ್ತೇವೆ, ಅಲ್ವಾ? ಹೊಟ್ಟಿನ ಜೊತೆ ಪಕ್ಕೆಲುಬೂ ಕಾಣತೊಡಗಿದರೆ ಬರೀ ಚರ್ಮದ ತೊಂದರೆ ಅಂತ ಕೂರಬೇಡಿ.

ಕಣ್ಣಲ್ಲಿ ನೋಡಿ ಇದನ್ನು ಹೇಳಲಾಗದು, ಬಯಾಪ್ಸಿಯೇ ಆಗಬೇಕು. ಕುದುರೆಯನ್ನು ಮಂಪರಿಗೆ ತಂದು, ಆ ಜಾಗವನ್ನು ಮರಗಟ್ಟಿಸಿ, 6 ಅಥವಾ 8 ಮಿಲಿಮೀಟರ್ ಅಗಲದ ದುಂಡು ಬ್ಲೇಡಿನ ಪಂಚ್‌ನಿಂದ ಮೂರ್ನಾಲ್ಕು ಕಡೆ ಚರ್ಮದ ಚೂರು ತೆಗೆದು ಕೆಡದಂತೆ ಫಾರ್ಮಲಿನ್‌ಗೆ ಹಾಕುತ್ತಾರೆ. ಹಿಂದಿನ ದಿನ ಕುದುರೆಯನ್ನು ತಿಕ್ಕಿ ತೊಳೆದು ಚೊಕ್ಕ ಮಾಡಿ ನಿಲ್ಲಿಸಬೇಡಿ! ಹುಡುಗರಿಗೂ ಹೇಳಿಡಿ. ಆ ಹಕ್ಕಳೆಯಲ್ಲೇ ಬೇಕಾದ ಸುಳಿವು ಇರುತ್ತದೆ. ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್ ಕೊಡುವುದೂ ಬೇಡ. ಮೇಲ್ನೋಟಕ್ಕೆ ವಾಸಿಯಾದಂತೆ ಕಾಣುತ್ತದೆ, ರಿಪೋರ್ಟು ಮಾತ್ರ ಗೊಂದಲವಾಗುತ್ತದೆ.

ಖಚಿತವಾದ ಮೇಲೆ ಕೊಡುವುದು ಅದೇ ಸ್ಟೀರಾಯ್ಡ್, ಹೆಚ್ಚಾಗಿ ಪ್ರೆಡ್ನಿಸೊಲೋನ್ ಮಾತ್ರೆ. ಹೆಸರಲ್ಲಿ ಹತ್ತಿರದ ಪ್ರೆಡ್ನಿಸೋನ್ ಕುದುರೆಯ ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಅಂಗಡಿಯವರು ಬದಲಿ ಕೊಟ್ಟರೆ ತರಬೇಡಿ. ಸುಧಾರಿಸಿದ ಹಾಗೆ ಕಂಡರೂ ಸುಮ್ನೆ ನಿಲ್ಲಿಸಬಾರದು, ಡೋಸನ್ನು ನಿಧಾನವಾಗಿ ಇಳಿಸಬೇಕು. ಕಾಯಿಲೆ ಒಂದೆರಡು ಕಡೆಯ ಚರ್ಮದಲ್ಲಷ್ಟೇ ಇದ್ದರೆ ಕುದುರೆ ಚೆನ್ನಾಗಿಯೇ ಬಾಳಬಹುದು. ಒಳಗಿನ ಅಂಗಗಳಿಗೆ ಹರಡಿ ಸೊರಗಿದ್ದರೆ ಉಳಿಸುವುದು ಕಷ್ಟ. ನಿಮ್ಮ ಕುದುರೆ ಮೇವು ಬಿಡುತ್ತಿದೆ ಅಂದಿರಿ, ಅದಕ್ಕೇ ಈ ವಾರವೇ ಬಯಾಪ್ಸಿ ಮಾಡಿಸಿ ಅನ್ನುತ್ತಿದ್ದೇನೆ.

ಸ್ಟೀರಾಯ್ಡ್ ನಡೆಯುವಾಗ ದಿನಾ ಗೊರಸು ಮುಟ್ಟಿ ನೋಡಿ. ಗೊರಸು ಬಿಸಿಯಾಗಿದ್ದರೆ, ಕುದುರೆ ಮುಂಗಾಲು ಚಾಚಿ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತರೆ ಗೊರಸಿನ ಒಳಪದರ ಊದಿದೆ ಅಂತ ಅರ್ಥ. ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ.